ಎಡಚನಿಗೆ ಐದು ವರ್ಷ

ಕಂತು ಏಳು

“ಅವನ ಮೊಣಕಾಲಿಗೆ ಮೂವತ್ತೊಂದು ವರ್ಷ ಆಯ್ತು. ಮೂರು ವರ್ಷದ ಒಪ್ಪಂದ ಕೊಟ್ರೆ ಎರಡು ವರ್ಷ ಆಡ್ತಾನೆ, ಒಂದು ವರ್ಷ ಕುಂಟ್ತಾನೆ,” ಎಂದು ಎಮಿಲ್ ಗಾರಿಯೆಪಿ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿದ.

“ಕುಂಟಿದ್ರೂ ಪರವಾಗಿಲ್ಲ. ಕಲ್ವೊದಾ ಐಸ್ ಮೇಲಿದ್ರೆ ನಮ್ಮ ಗೋಲಿನ ಕಡೆ ಬರೋ ಹೊಡೆತ ಮೂರರಲ್ಲಿ ಒಂದು ಭಾಗ ಕಮ್ಮಿ ಆಗುತ್ತೆ. ನಾನು ಹೇಳ್ತಿಲ್ಲ, ಲೆಕ್ಕ ಹೇಳ್ತಿದೆ,” ಎಂದಳು ಮೇ-ಲಿನ್ ಕ್ವಾನ್. ತಂಡದ ಅಂಕಿಅಂಶವೆಲ್ಲ ಅವಳ ಲ್ಯಾಪ್‌ಟಾಪಿನಲ್ಲೇ ಇರುವುದು.

“ನಿನ್ನ ಲೆಕ್ಕ ಸ್ಕೇಟ್ ಕಟ್ಕೊಂಡು ಬಂದು ಆಡಲ್ಲ ತಾಯಿ.”

“ನಿಮ್ಮ ಕಣ್ಣೂ ಆಡಲ್ಲ. ಹೋದ ಸಲ ಕಣ್ಣು ನಂಬಿ ತಂದ್ರಲ್ಲ ಆ ಫಿನ್ಲೆಂಡಿನವನನ್ನ, ಈಗೆಲ್ಲಿದ್ದಾನೆ?”

“ಹೆಲ್ಸಿಂಕಿಯಲ್ಲಿ ಕಾರು ಮಾರ್ತಿದ್ದಾನೆ. ಚೆನ್ನಾಗೇ ಮಾರ್ತಾನಂತೆ.”

ಮೇ-ಲಿನ್‌ಗೂ ನಗು ತಡೆಯಲಾಗಲಿಲ್ಲ. ಆದರೆ ಆ ನಗು ಮೇಜಿನ ತುದಿಯವರೆಗೆ ಹೋಗಲಿಲ್ಲ. ಅಲ್ಲಿ ಕೂತಿದ್ದ ಜನರಲ್ ಮ್ಯಾನೇಜರ್ ರಸೆಲ್ ಥೀಸೆನ್ ಐದು ನಿಮಿಷಕ್ಕೆ ಮೂರು ಸಲ ಗಡಿಯಾರ ನೋಡುತ್ತಿದ್ದ.

ಎಂಟೂವರೆ. ಜುಲೈ ಒಂದನೇ ತಾರೀಖು. ಹೊರಗೆ ಸಾಸ್ಕಟೂನ್ ಊರಿಗೆ ಊರೇ ಕೆನಡಾ ದೇಶದ ಹಬ್ಬಕ್ಕೆ ಬಾವುಟ ಕಟ್ಟಿ, ನದಿಯ ದಂಡೆಯಲ್ಲಿ ಸಾಲಾಗಿ ನಿಂತು ಪ್ಯಾನ್‌ಕೇಕ್ ತಿನ್ನುತ್ತಿತ್ತು. ಒಳಗೆ ಮ್ಯಾಗ್‌ಪೈ ಐಸ್ ಹಾಕಿ ತಂಡದ ಸಭಾಕೋಣೆಯಲ್ಲಿ ನಾಲ್ಕು ಜನ ಆರು ಗಂಟೆಯಿಂದ ಒಂದೇ ಜಗಳ ಆಡುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸಂತೆ ತೆರೆಯುತ್ತದೆ. ಒಪ್ಪಂದ ಮುಗಿದ ಆಟಗಾರರ ಜೊತೆ ಯಾವ ತಂಡ ಬೇಕಾದರೂ ಆಗ ಮಾತಾಡಬಹುದು. ಒಂದು ನಿಮಿಷ ಮುಂಚೆ ‘ಹೇಗಿದ್ದೀಯಪ್ಪಾ’ ಅಂದರೂ ತಪ್ಪು, ಅಂದವನನ್ನು ಲೀಗ್ ಜೀವಮಾನಪೂರ್ತಿ ಹೊರಗಿಡುತ್ತದೆ.

ಡಾರಿಯಾ ಪ್ರೊಕೊಪ್‌ಚುಕ್ ಕಿಟಕಿಯ ಹತ್ತಿರ ನಿಂತಿದ್ದಳು. ಕೂರಲು ಅವಳಿಂದಾಗುತ್ತಿರಲಿಲ್ಲ. ನಗರ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ಕಳ್ಳರನ್ನೂ ಕೊಲೆಗಾರರನ್ನೂ ಹಿಡಿದು ನಿವೃತ್ತಳಾದವಳ ನಿದ್ದೆಯನ್ನು ಒಂದು ವಾರದಿಂದ ಒಂದು ಸಾಲಿನ ಸಂದೇಶ ಕೆಡಿಸಿತ್ತು.

ರೇಡಿಯೋದ ಕ್ರೀಡಾ ವರದಿಗಾರನೊಬ್ಬನಿಗೆ ಯಾರೋ ಹೆಸರಿಲ್ಲದೆ ಕಳಿಸಿದ್ದ ಸಂದೇಶ ಅದು: ‘ಮ್ಯಾಗ್‌ಪೈ ತಂಡ ಎಡಚನಿಗೆ ಐದು ವರ್ಷ ಕೊಡುತ್ತದೆ. ಎಲ್ಲ ಆಗಲೇ ಇತ್ಯರ್ಥವಾಗಿದೆ.’ ವರದಿಗಾರ ಅದನ್ನು ತಂಡದ ಒಡತಿ ವಿನಿಫ್ರೆಡ್ ಹಾಕ್ಸ್‌ಬಿಗೆ ತೋರಿಸಿದ್ದ. ಮುದುಕಿ ಇಂದಿನ ಹತ್ತು ಗಂಟೆಯವರೆಗೆ ಅವನ ಬಾಯಿ ಮುಚ್ಚಿಸಿ, ಕಳಿಸಿದವನ ಹೆಸರು ಅಷ್ಟರೊಳಗೆ ಬೇಕೆಂದು ಡಾರಿಯಾಳನ್ನು ನೇಮಿಸಿದ್ದಳು.

ಥೀಸೆನ್ ಎದ್ದು ನಿಂತ.

“ಇನ್ನೆಷ್ಟು ಸಲ ಹೇಳ್ಬೇಕು ಎಮಿಲ್? ಎಡಗಡೆ ಆಡೋರು ನಮ್ಮಲ್ಲಿ ನಾಲ್ಕು ಜನ ಇದ್ದಾರೆ. ನಮಗೆ ಬೇಕಾಗಿರೋದು ಬಲಗೈ ಡಿಫೆಂಡರ್. ಅಂಥವರು ಊರಿಗೊಬ್ಬ ಸಿಗೋದೂ ಕಷ್ಟ. ಕಲ್ವೊದಾ ಬಲಗೈ. ನಿನ್ನ ಹ್ಯಾಲ್ಡರ್‌ಸನ್ ಎಡಚ. ಮುಗೀತು.”

“ಹ್ಯಾಲ್ಡರ್‌ಸನ್‌ಗೆ ಇಪ್ಪತ್ತೈದು ವರ್ಷ. ಗಿಮ್ಲಿಯವನು, ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೇ ಆಡಿ ಬೆಳೆದವನು. ಪಕ್ ಸಿಕ್ಕಿದ್ರೆ ಮೂರು ಹೆಜ್ಜೇಲಿ ನಮ್ಮ ಕಡೆಯಿಂದ ಆಚೆ. ಐದು ವರ್ಷ ಕೊಡು ರಸೆಲ್, ಐದೂ ವರ್ಷ ಓಡ್ತಾನೆ.”

“ಎಡಗೈನವನನ್ನೇ ಬಲಗಡೆ ನಿಲ್ಸಿದ್ರೆ ಚೆಂಡು ಹೋಗಲ್ವಾ?” ಎಂದು ಇಷ್ಟು ಹೊತ್ತೂ ಸುಮ್ಮನಿದ್ದ ವಕೀಲ ಜೂಲಿಯನ್ ಆಶ್‌ಡೌನ್ ಕೇಳಿದ.

ಮೂವರೂ ಅವನ ಕಡೆ ತಿರುಗಿದರು.

“ಪಕ್,” ಎಂದ ಎಮಿಲ್. “ಚಪ್ಪಟೆ ರಬ್ಬರ್ ಬಿಲ್ಲೆ. ಹನ್ನೊಂದು ವರ್ಷ ಆಯ್ತು ನೀನು ಇಂಗ್ಲೆಂಡಿಂದ ಬಂದು. ಇನ್ನೂ ಚೆಂಡಲ್ಲೇ ಇದ್ದೀಯ. ನಿನ್ನ ಒಂದಿನ ಐಸ್ ಮೇಲೆ ನಿಲ್ಸಿ ಹಿಂದಿಂದ ತಳ್ಬೇಕು.”

“ನನ್ನ ಕೆಲ್ಸ ಒಪ್ಪಂದ ಬರೆಯೋದು. ಬೀಳೋದಲ್ಲ,” ಎಂದು ಆಶ್‌ಡೌನ್ ತನ್ನ ಚಹಾದ ಕಡೆ ನೋಡಿದ.

ಥೀಸೆನ್‌ಗೆ ಈ ತಮಾಷೆ ರುಚಿಸಲಿಲ್ಲ. ಅವನು ಕಡತದಿಂದ ಒಂದು ಹಾಳೆ ತೆಗೆದು ಎಮಿಲ್‌ನ ಮುಂದೆ ತಳ್ಳಿದ.

“ಆಯ್ತು, ಇದನ್ನ ಹೇಳೇಬಿಡ್ತೀನಿ. ಎಡಚ, ಐದು ವರ್ಷ. ಈ ಎರಡು ಮಾತನ್ನ ಈ ಕೋಣೇಲಿ ಆಡಿದವನು ನೀನೊಬ್ಬನೇ. ಆಗಲೇ ಇತ್ಯರ್ಥ ಆಗಿದೆ ಅಂತ ಸುದ್ದಿ ಹಬ್ಸಿದ್ರೆ ನಾವು ಹಿಂದೆ ಸರಿಯೋಕಾಗಲ್ಲ ಅಂತ ನೀನು ಅಂದ್ಕೊಂಡೆ. ಸಂದೇಶ ಕಳ್ಸಿದವನು ನೀನೇ. ಸಹಿ ಹಾಕಿ ಮನೆಗೆ ಹೋಗು. ಆರೋಗ್ಯ ಸರಿ ಇಲ್ಲ ಅಂತ ನಾನೇ ಹೇಳ್ತೀನಿ.”

ರಾಜೀನಾಮೆ ಪತ್ರ. ಟೈಪ್ ಮಾಡಿ, ತಾರೀಖು ಹಾಕಿ ತಯಾರಾಗಿತ್ತು.

ಮೇ-ಲಿನ್ ಲ್ಯಾಪ್‌ಟಾಪ್ ಮುಚ್ಚಿದಳು. ಮೂವತ್ತು ವರ್ಷ ಈ ತಂಡಕ್ಕಾಗಿ ಹಳ್ಳಿಹಳ್ಳಿಯ ಮೈದಾನ ಸುತ್ತಿ, ಕೊರೆಯುವ ಚಳಿಯಲ್ಲಿ ಹಲಗೆಯ ಬೆಂಚಿನ ಮೇಲೆ ಕೂತು ಆಟಗಾರರನ್ನು ಹುಡುಕಿ ತಂದ ಮನುಷ್ಯ ಎಮಿಲ್. ಅವನು ಬೈಯುತ್ತಾನೆ, ಕೂಗುತ್ತಾನೆ, ಮೇಜು ಗುದ್ದುತ್ತಾನೆ ಎಂದು ಎಲ್ಲರೂ ಕಾದರು.

ಅವನು ಏನೂ ಮಾಡಲಿಲ್ಲ. ಪತ್ರವನ್ನು ಒಮ್ಮೆ ಓದಿ ಜೇಬಿನಿಂದ ಪೆನ್ನು ತೆಗೆದ.

ಡಾರಿಯಾ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದಳು. ಅವಳಿಗೆ ಆರು ವರ್ಷವಿದ್ದಾಗ ಮೊದಲ ಸಲ ಸ್ಕೇಟಿನ ದಾರ ಬಿಗಿದು ಕಟ್ಟಿದವನು ಇವನು. ಅಪ್ಪ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಎಮಿಲ್ ಈ ಕೆಲಸ ಮಾಡುವವನಲ್ಲ ಎಂದು ಅವಳು ಒಡತಿಗೆ ಮೊದಲ ದಿನವೇ ಮಾತು ಕೊಟ್ಟಿದ್ದಳು. ತನಿಖೆ ಶುರುವಾಗುವ ಮುಂಚೆ ಹಾಗೆ ಮಾತು ಕೊಡುವುದು ತಪ್ಪೆಂದು ಅವಳಿಗೂ ಗೊತ್ತಿತ್ತು, ಆದರೂ ಕೊಟ್ಟಿದ್ದಳು.

“ಹಾಕು ಎಡಚಾ, ಹೊತ್ತಾಗ್ತಿದೆ,” ಎಂದ ಥೀಸೆನ್.

ಹಳೆಯ ಅಡ್ಡಹೆಸರು ಅದು. ಊರಿನ ಅರ್ಧ ಜನಕ್ಕೆ ಅವನ ನಿಜವಾದ ಹೆಸರೇ ಗೊತ್ತಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲೂ ಹಾಗೇ ಬರೆದಿದೆ: ಎಡಚ ಗಾರಿಯೆಪಿ. ಹತ್ತೊಂಬತ್ತು ವರ್ಷದ ಎಮಿಲ್, ಹಲ್ಲಿಲ್ಲದ ನಗು, ಸ್ಟಿಕ್ಕಿನ ಕೆಳಗಡೆ ಎಡಗೈ.

ಡಾರಿಯಾ ಚಿತ್ರ ನೋಡಿದಳು. ಆಮೇಲೆ ಪತ್ರದ ಮೇಲೆ ಬಾಗಿದ್ದ ಎಮಿಲ್‌ನ ಪೆನ್ನು ನೋಡಿದಳು.

ಪೆನ್ನು ಬಲಗೈಯಲ್ಲಿತ್ತು.

“ನಿಲ್ಲಿ,” ಎಂದಳು.

“ಏನು?” ಎಂದ ಥೀಸೆನ್.

“ಒಡತಿ ನನಗೆ ಹತ್ತು ಗಂಟೆ ತನಕ ಟೈಮ್ ಕೊಟ್ಟಿದ್ದಾರೆ. ನಿಮಗಲ್ಲ. ಎಮಿಲ್ ಅಂಕಲ್, ಪೆನ್ನು ಕೆಳಗಿಡಿ.”

ಎಮಿಲ್ ಅವಳ ಮುಖ ನೋಡಿದ. “ಬಿಡು ಮರಿ. ಯಾಕೆ ತಲೆ ಕೆಡಿಸ್ಕೋತೀಯ?”

“ಕೆಳಗಿಡಿ.”

ಅವನು ಇಟ್ಟ. ಅವನ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ. ಅದನ್ನು ಡಾರಿಯಾ ಗಮನಿಸಿದಳು, ಆದರೆ ಆ ಗಳಿಗೆಯಲ್ಲಿ ಅವಳ ತಲೆ ಬೇರೆ ಕಡೆ ಓಡುತ್ತಿತ್ತು.

* * *

ಮೇ-ಲಿನ್‌ಳನ್ನು ಕೈ ಹಿಡಿದು ಎಳೆಯುವುದೊಂದೇ ಬಾಕಿ. ಪಡಸಾಲೆಯ ಕೊನೆಯಲ್ಲಿದ್ದ ಅವಳ ಪುಟ್ಟ ಕೋಣೆಗೆ ಹೋಗಿ ಡಾರಿಯಾ ಬಾಗಿಲು ಹಾಕಿದಳು.

“ಕಲ್ವೊದಾ ಎಡಚನಾ?”

“ಆಗಿಂದ ಅದೇ ತಾನೇ ಹೇಳ್ತಿರೋದು? ಅವನು ಬಲಗೈ.”

“ಬರೆಯೋದು ಯಾವ ಕೈಲಿ?”

ಮೇ-ಲಿನ್ ಕಣ್ಣು ಪಿಳಿಪಿಳಿ ಬಿಟ್ಟಳು. “ಅದು ಯಾರಿಗೆ ಬೇಕು?”

“ನನಗೆ ಬೇಕು.”

“ಅವನು ಎಷ್ಟು ಗಂಟೆ ನಿದ್ದೆ ಮಾಡ್ತಾನೆ ಅನ್ನೋದೂ ನನ್ನ ಹತ್ರ ಇದೆ. ಬರೆಯೋ ಕೈ ಇಲ್ಲ. ಅದನ್ನ ಯಾರೂ ಕೇಳಲ್ಲ.”

ಯಾರೂ ಕೇಳುವುದಿಲ್ಲ, ಅದೇ ತೊಂದರೆಯಾಗಿತ್ತು. ಈ ಊರಿನಲ್ಲಿ, ಈ ದೇಶದಲ್ಲೇ, ಹಾಕಿ ಆಡುವವನ ಕೈ ಎಂದರೆ ಸ್ಟಿಕ್ಕನ್ನು ಕೆಳಗಡೆ ಹಿಡಿದ ಕೈ. ಊಟ ಮಾಡುವ ಕೈ, ಬರೆಯುವ ಕೈ ಯಾವುದಾದರೂ ಇರಲಿ, ಲೆಕ್ಕಕ್ಕಿಲ್ಲ. ಬಲಗೈಯಲ್ಲಿ ಬರೆಯುವ ಎಷ್ಟೋ ಮಂದಿ ಇಲ್ಲಿ ಎಡಗೈ ಕೆಳಗಿಟ್ಟು ಆಡುತ್ತಾರೆ. ಎಮಿಲ್ ಐವತ್ತು ವರ್ಷದಿಂದ ಎಡಚನೇ. ಬಲಗೈಯಲ್ಲಿ ಬರೆದು, ಬಲಗೈಯಲ್ಲಿ ತಿಂದು, ಬಲಗೈಯಲ್ಲೇ ಮೂಗು ಒರೆಸಿಕೊಂಡರೂ ಎಡಚ.

ಡಾರಿಯಾಳೂ ಈ ಮಣ್ಣಿನವಳೇ. ಒಂದು ವಾರ ಆ ಸಂದೇಶವನ್ನು ನೂರು ಸಲ ಓದಿ, ನೂರು ಸಲವೂ ಹ್ಯಾಲ್ಡರ್‌ಸನ್ ಎಂದೇ ಓದಿಕೊಂಡಿದ್ದಳು. ಪೊಲೀಸಿನಲ್ಲಿ ಪದಕ ಬೇರೆ ಕೊಟ್ಟಿದ್ದರು. ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಅಭಿಮಾನಿಗಳಿಗೆ ಸಹಿ ಹಾಕೋ ವೀಡಿಯೋ ಏನಾದ್ರೂ ಇರುತ್ತಾ ನೋಡು.”

ಮೇ-ಲಿನ್ ಹುಡುಕಿದಳು. ಮೂರನೆಯದರಲ್ಲೇ ಸಿಕ್ಕಿತು. ಯಾವುದೋ ಅಂಗಡಿಯ ಮುಂದೆ ಮಕ್ಕಳ ಸಾಲು. ಓಂಡ್ರೇಯ್ ಕಲ್ವೊದಾ ಬಾಗಿ ಒಂದು ಜೆರ್ಸಿಯ ಬೆನ್ನಿನ ಮೇಲೆ ಹೆಸರು ಬರೆಯುತ್ತಿದ್ದ. ಎಡಗೈಯಲ್ಲಿ, ಮಣಿಕಟ್ಟನ್ನು ಕೊಕ್ಕೆಯ ಹಾಗೆ ತಿರುಗಿಸಿಕೊಂಡು.

“ಅಯ್ಯೋ,” ಎಂದಳು ಮೇ-ಲಿನ್ ಮೆಲ್ಲಗೆ. “ಹಾಗಾದ್ರೆ ಎಡಚ ಅಂದಿದ್ದು ಇವನನ್ನಾ? ಆದ್ರೆ ಇವನಿಗೆ ನಾವು ಮೂರು ವರ್ಷ ತಾನೇ ಮಾತಾಡಿದ್ದು? ಐದು ಅಂತ ಯಾರೂ ಬಾಯೇ ಬಿಟ್ಟಿಲ್ಲ.”

“ಕೋಣೇಲಿ ಬಿಟ್ಟಿಲ್ಲ.”

ಮೇ-ಲಿನ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಕುರ್ಚಿಗೆ ಒರಗಿ ಬಾಗಿಲ ಕಡೆ ನೋಡಿದಳು.

“ಯಾರೋ ಮುಂಚೇನೇ ಅವನ ಹತ್ರ ಸಹಿ ಹಾಕಿಸ್ಕೊಂಡಿದ್ದಾರೆ. ಹಾಗಾದ್ರೆ ಆರು ಗಂಟೆಯಿಂದ ನಾವು ಗಂಟಲು ಹರ್ಕೊಂಡಿದ್ದು ಯಾತಕ್ಕೆ? ನಾನು ಈ ವರದಿಗೆ ಎರಡು ತಿಂಗಳು ಕೂತಿದ್ದೆ ಡಾರಿಯಾ.”

“ನೀನು ಇಲ್ಲೇ ಇರು. ಯಾರ ಹತ್ರಾನೂ ಮಾತಾಡ್ಬೇಡ. ಒಡತಿ ಫೋನ್ ಮಾಡಿದ್ರೂ ಅಷ್ಟೇ, ಡಾರಿಯಾ ಬರ್ತಾಳೆ ಅಂತ ಮಾತ್ರ ಹೇಳು.”

ಸಂದೇಶ ಬರೆದವನಿಗೆ ಎರಡು ಗುರುತು ಇರಬೇಕು. ಕಲ್ವೊದಾ ಸಹಿ ಹಾಕುವುದನ್ನು ಅವನು ಕಣ್ಣಾರೆ ಕಂಡಿರಬೇಕು. ಮತ್ತು ಈ ದೇಶದಲ್ಲಿ ಕೈ ಎಂದರೆ ಏನೆಂದು ಅವನಿಗೆ ತಿಳಿದಿರಬಾರದು. ಪಕ್ಕಿಗೆ ಚೆಂಡು ಎನ್ನುವವನು ಈ ಕಟ್ಟಡದಲ್ಲಿ ಒಬ್ಬನೇ ಇದ್ದ.

* * *

ಆಶ್‌ಡೌನ್ ಸಭಾಕೋಣೆಯಲ್ಲಿರಲಿಲ್ಲ. ಅವನ ಕಚೇರಿಯಲ್ಲೂ ಇಲ್ಲ. ಡಾರಿಯಾ ಎರಡು ಅಂತಸ್ತು ಇಳಿದು, ಏದುಸಿರು ಬಿಡುತ್ತ ಆಟದ ಅಂಗಳಕ್ಕೆ ಬಂದಳು.

ಬೇಸಿಗೆಯಲ್ಲಿ ಅಲ್ಲಿ ಐಸ್ ಇರುವುದಿಲ್ಲ. ಬೋಳು ಕಾಂಕ್ರೀಟು, ಸುತ್ತ ಹದಿನೈದು ಸಾವಿರ ಖಾಲಿ ಕುರ್ಚಿ. ತಪ್ಪು ಮಾಡಿದ ಆಟಗಾರರನ್ನು ಎರಡು ನಿಮಿಷ ಕೂಡಿಹಾಕುವ ಗಾಜಿನ ಗೂಡಿನೊಳಗೆ, ಬೆಂಚಿನ ಮೇಲೆ, ವಕೀಲ ಮಹಾಶಯ ಒಬ್ಬನೇ ಕೂತಿದ್ದ. ಟೈ ಸಡಿಲವಾಗಿತ್ತು.

“ಒಳ್ಳೆ ಜಾಗ ಹುಡುಕ್ಕೊಂಡಿದ್ದೀರ,” ಎಂದು ಡಾರಿಯಾ ಪಕ್ಕದಲ್ಲಿ ಕೂತಳು.

“ಇಲ್ಲಿ ತಂಪಾಗಿರುತ್ತೆ.”

“ಹೌದು. ತಪ್ಪು ಮಾಡಿದವರೇ ಇಲ್ಲಿ ಕೂರೋದು ಅಂತ ಗೊತ್ತು ತಾನೇ? ಅಥವಾ ಅದೂ ಗೊತ್ತಿಲ್ವಾ?”

ಡಾರಿಯಾ ಫೋನಿನಲ್ಲಿ ವೀಡಿಯೋ ತೆರೆದು ಅವನ ಮುಂದೆ ಹಿಡಿದಳು. ಎಡಗೈ, ಕೊಕ್ಕೆಯಂಥ ಮಣಿಕಟ್ಟು, ಜೆರ್ಸಿ.

“ಇವನು ಎಡಚ ಅಲ್ವಾ ಮಿಸ್ಟರ್ ಆಶ್‌ಡೌನ್?”

“ಕಾಣ್ತಾ ಇದೆಯಲ್ಲ.”

“ನಿಮಗೆ ಕಾಣ್ತಿದೆ. ಇಡೀ ಕೆನಡಾದಲ್ಲಿ ಯಾರಿಗೂ ಕಾಣಲ್ಲ. ಇವನು ಬಲಗೈ. ಕೇಳಿ ಬೇಕಾದ್ರೆ, ಹೊರಗಡೆ ಪ್ಯಾನ್‌ಕೇಕ್ ಮಗುಚ್ತಿರೋ ಅಜ್ಜಿಯೂ ಹಾಗೇ ಹೇಳ್ತಾಳೆ.”

ಆಶ್‌ಡೌನ್‌ನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. ತಪ್ಪಿಗಿಂತ ಪೆದ್ದುತನ ಬಯಲಾದಾಗ ಮನುಷ್ಯರಿಗೆ ಹೆಚ್ಚು ನಾಚಿಕೆಯಾಗುತ್ತದೆ. ಡಾರಿಯಾ ಇದನ್ನು ಎಷ್ಟೋ ಸಲ ನೋಡಿದ್ದಳು.

“ಅದಕ್ಕೇನಾ,” ಎಂದ ಅವನು. “ವರದಿಗಾರ ಒಂದಿನದಲ್ಲಿ ಕಂಡುಹಿಡೀತಾನೆ ಅಂದ್ಕೊಂಡೆ. ವಾರ ಆದ್ರೂ ಏನೂ ಆಗ್ಲಿಲ್ಲ. ಎಲ್ರೂ ಹ್ಯಾಲ್ಡರ್‌ಸನ್, ಹ್ಯಾಲ್ಡರ್‌ಸನ್ ಅಂತ ಯಾಕೆ ಬಡ್ಕೊಳ್ತಿದ್ದಾರೆ ಅಂತ ನನಗೆ ಅರ್ಥಾನೇ ಆಗ್ಲಿಲ್ಲ. ಕಲ್ವೊದಾ ಬಲಗೈ ಅಂತ ರಸೆಲ್ ಅಂದಾಗ್ಲೂ ಮುಚ್ಚಿಡೋಕೆ ಸುಳ್ಳು ಹೇಳ್ತಿದ್ದಾನೆ ಅಂದ್ಕೊಂಡೆ.”

“ಕೇಳ್ಬಹುದಿತ್ತು.”

“ಯಾರನ್ನ? ಚೆಂಡು ಅಂದ್ರೇನೇ ನಗ್ತೀರಿ.”

ಡಾರಿಯಾ ತಲೆಯೆತ್ತಿ ಹೊತ್ತು ನೋಡಿದಳು. ಅಂಗಳದ ತುದಿಯ ಗಡಿಯಾರ ಒಂಬತ್ತು ಮೂವತ್ತೈದು ತೋರಿಸುತ್ತಿತ್ತು.

“ಎಲ್ಲಿ ಸಹಿ ಹಾಕಿದ?”

“ಎಮ್ಮಾ ಲೇಕ್. ರಸೆಲ್‌ನ ಕ್ಯಾಬಿನ್, ಕೆರೆ ದಂಡೇಲಿರೋ ರಜೆ ಮನೆ. ಜೂನ್ ಇಪ್ಪತ್ತೊಂದು.” ಅವನು ಮಾತು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. “ಬೇಸಿಗೆ ಊಟ ಅಂತ ಕರೆದ. ನಾನು ವೈನ್ ತಗೊಂಡು ಹೋದೆ, ಮೂರ್ಖ. ಹೋದ್ರೆ ಕಲ್ವೊದಾ ಕೂತಿದ್ದಾನೆ, ಸೊಳ್ಳೆ ಹೊಡ್ಕೊಳ್ತಾ. ಒಂದು ಕಾಗದ ಬರಿ ಜೂಲಿಯನ್ ಅಂದ ರಸೆಲ್. ಐದು ವರ್ಷ, ಬೇರೆ ಯಾವ ತಂಡದ ಮಾತೂ ಕೇಳಲ್ಲ ಅಂತ. ಹತ್ತು ದಿನ ಮುಂಚೆ. ಬರೀಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ ಅಂದ.”

“ಬರೆದ್ರಿ.”

“ಬರೆದೆ. ಪೆನ್ನೂ ನಾನೇ ಕೊಟ್ಟೆ. ಎಡಗೈಲಿ ಸಹಿ ಹಾಕಿದ, ಶಾಯಿ ಅಂಗೈಗೆಲ್ಲ ಮೆತ್ಕೊಳ್ತು. ಕ್ಷಮಿಸಿ ಅಂತ ಟಿಶ್ಯೂ ಕೊಟ್ಟೆ.” ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. “ಇದು ಬಯಲಾದ್ರೆ ನನ್ನ ವಕೀಲಿಕೆಯ ಸನ್ನದು ಹೋಗುತ್ತೆ. ಬಯಲಾಗ್ದೇ ಇದ್ರೆ ಇನ್ನೊಂದು ಸಲ ಬರೀಬೇಕಾಗುತ್ತೆ, ಮತ್ತೊಂದು ಸಲ ಬರೀಬೇಕಾಗುತ್ತೆ. ಯಾರಾದ್ರೂ ತಡೀಲಿ ಅಂತ ಅನ್ನಿಸ್ತು. ನನ್ನ ಹೆಸರು ಬರ್ದೇ ಇರ್ಲಿ ಅಂತಾನೂ ಅನ್ನಿಸ್ತು.”

“ಬದಲಿಗೆ ಎಮಿಲ್ ಹೆಸರು ಬಂತು. ನೀವು ಸುಮ್ನೆ ಚಹಾ ಕುಡೀತಾ ಕೂತಿದ್ರಿ.”

ಅವನು ತಲೆ ತಗ್ಗಿಸಿದ. ಡಾರಿಯಾಳಿಗೆ ಅವನ ಮೇಲೆ ಸಿಟ್ಟಿತ್ತು, ಅದರ ಜೊತೆಗೇ ಎದೆ ಹಗುರವಾಗಿತ್ತು. ಎಮಿಲ್ ತಪ್ಪಿಸಿಕೊಂಡ. ಇನ್ನು ಇಪ್ಪತ್ತು ನಿಮಿಷದಲ್ಲಿ ಅವನ ಮೂವತ್ತು ವರ್ಷದ ಮರ್ಯಾದೆಯನ್ನು ಮೇಜಿನ ಮೇಲೆ ವಾಪಸ್ ಇಡಬಹುದು. ಸಂಜೆ ಇಬ್ಬರೂ ನದಿಯ ದಂಡೆಯಲ್ಲಿ ಕೂತು ಥೀಸೆನ್‌ಗೆ ಮನಸಾರೆ ಬೈಯಬಹುದು.

ಅವಳು ಎದ್ದಳು. “ನೀವು ಮೇಲೆ ಬಂದು ಇಷ್ಟನ್ನೇ ಹೇಳಿ. ಕ್ಯಾಬಿನ್‌ನಲ್ಲಿ ಇದ್ದದ್ದು ನೀವು, ರಸೆಲ್, ಕಲ್ವೊದಾ. ಮೂರು ಜನ.”

“ನಾಲ್ಕು,” ಎಂದ ಆಶ್‌ಡೌನ್.

“ಏನು?”

“ಕಲ್ವೊದಾನ ಯಾರೋ ಕಾರಲ್ಲಿ ಕರ್ಕೊಂಡು ಬರ್ಬೇಕಲ್ಲ. ವಿಮಾನ ನಿಲ್ದಾಣದಿಂದ ಎರಡು ಗಂಟೆ ದಾರಿ.” ಅವನು ಅವಳನ್ನು ನೋಡಲಿಲ್ಲ. “ನೀವು ಬೆಳಗಿನಿಂದ ಯಾರನ್ನ ಉಳಿಸೋಕೆ ಓಡಾಡ್ತಿದ್ದೀರೋ ಅವರೇ.”

ಡಾರಿಯಾ ಮತ್ತೆ ಕೂತಳು.

“ಎಮಿಲ್ ಅಲ್ಲಿದ್ರಾ?”

“ಬಾಗಿಲ ಹತ್ರ ನಿಂತಿದ್ರು. ಬೀಜ ತಿಂತಾ. ಒಂದು ಮಾತೂ ಆಡ್ಲಿಲ್ಲ.”

“ಹಾಗಾದ್ರೆ ಇವತ್ತು ಹ್ಯಾಲ್ಡರ್‌ಸನ್ ಪರ ಅಷ್ಟು ಹೊತ್ತು ಕೂಗಾಡಿದ್ದು?”

“ಅದನ್ನ ಅವರನ್ನೇ ಕೇಳ್ಬೇಕು. ನಾನೂ ಅದನ್ನೇ ಯೋಚಿಸ್ತಿದ್ದೆ.”

ಪೆನ್ನು ಕೆಳಗಿಡಿ ಎಂದಾಗ ಎಮಿಲ್‌ನ ಮುಖದಲ್ಲಿ ಸಮಾಧಾನ ಏಕಿರಲಿಲ್ಲ ಎಂದು ಈಗ ತಿಳಿಯಿತು. ಆ ಹಾಳೆಗೆ ಸಹಿ ಹಾಕಿದ್ದರೆ ಎಮಿಲ್ ಬಾಯಿಬಡುಕ ಎನಿಸಿಕೊಂಡು ಮನೆಗೆ ಹೋಗುತ್ತಿದ್ದ, ಅಷ್ಟೇ. ಡಾರಿಯಾ ಅದನ್ನು ತಡೆದು, ತನ್ನ ಕೈಯಾರೆ ಅವನಿಗೆ ಅದಕ್ಕಿಂತ ದೊಡ್ಡ ಗುಂಡಿ ತೋಡಿಟ್ಟಿದ್ದಳು. ಕ್ಯಾಬಿನ್ನಿನ ಕಥೆ ಹೊರಬಿದ್ದರೆ ಲೀಗ್ ಅವನನ್ನು ಸಾಯುವವರೆಗೆ ಯಾವ ಮೈದಾನದ ಹೊಸ್ತಿಲನ್ನೂ ತುಳಿಯಲು ಬಿಡುವುದಿಲ್ಲ. ಅರವತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಮೈದಾನ ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ.

ಅವಳಿಗೆ ಅಳು ಬಂತು. ಅತ್ತಿದ್ದರೆ ಹಗುರವಾಗುತ್ತಿತ್ತೋ ಏನೋ, ಅದಕ್ಕೂ ಪುರುಸೊತ್ತಿರಲಿಲ್ಲ.

“ನೀವು ಇಲ್ಲೇ ಇರಿ,” ಎಂದಳು ಆಶ್‌ಡೌನ್‌ಗೆ. “ಫೋನ್ ಆಫ್ ಮಾಡಿ. ನಾನು ಬಂದು ಕರೆಯೋ ತನಕ ಯಾರಿಗೂ ಕಾಣಿಸ್ಕೋಬೇಡಿ.”

* * *

ಒಂಬತ್ತು ಐವತ್ತಾರಕ್ಕೆ ಅವಳು ಸಭಾಕೋಣೆಯ ಬಾಗಿಲು ತಳ್ಳಿದಳು.

ಮೇಜಿನ ಮೇಲೆ ಐದು ಫೋನ್ ಸಾಲಾಗಿಟ್ಟಿದ್ದರು. ಮೇ-ಲಿನ್ ಬಂದು ಕೂತಿದ್ದಳು, ಯಾರ ಕಡೆಯೂ ನೋಡುತ್ತಿರಲಿಲ್ಲ. ಥೀಸೆನ್ ತೋಳು ಮಡಿಸಿಕೊಂಡು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದ. ರಾಜೀನಾಮೆ ಪತ್ರ ಇಟ್ಟಲ್ಲೇ ಇತ್ತು. ಎಮಿಲ್ ಅದರ ಮುಂದೆ ಕೈಕಟ್ಟಿ ಕೂತಿದ್ದ.

“ಜೂಲಿಯನ್ ಎಲ್ಲಿ ಸತ್ತ?” ಎಂದ ಥೀಸೆನ್. “ಇನ್ನು ನಾಲ್ಕು ನಿಮಿಷಕ್ಕೆ ನನಗೆ ವಕೀಲ ಬೇಕು.”

“ನಾನು ನೋಡಿಲ್ಲ,” ಎಂದಳು ಡಾರಿಯಾ.

ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವಳು ಇಷ್ಟು ಸುಲಭವಾಗಿ ಸುಳ್ಳು ಹೇಳಿದ್ದು ಕಡಿಮೆ. ಅವಳು ನೇರವಾಗಿ ಎಮಿಲ್‌ನ ಪಕ್ಕಕ್ಕೆ ಹೋಗಿ ಬಾಗಿದಳು.

“ಎಮ್ಮಾ ಲೇಕ್‌ನಲ್ಲಿ ಸೊಳ್ಳೆ ಜಾಸ್ತಿ ಇತ್ತಾ ಅಂಕಲ್?”

ಎಮಿಲ್‌ನ ದವಡೆ ಆಡುವುದು ನಿಂತಿತು. ಬಾಯಲ್ಲಿದ್ದ ಬೀಜವನ್ನು ಅವನು ಸಿಪ್ಪೆ ಸಮೇತ ನುಂಗಿದ.

“ಗೊತ್ತಾಯ್ತಾ,” ಎಂದ, ಅವಳಿಗೊಬ್ಬಳಿಗೇ ಕೇಳುವಂತೆ.

“ಯಾಕೆ ಹೋದ್ರಿ?”

“ಕರೆದ್ರು, ಹೋದೆ. ನೀನು ಸುಮ್ನಿರು ಮರಿ. ನಿಮ್ಮಪ್ಪನ ಆಣೆ ಬೇಕಾದ್ರೆ ಇಡ್ತೀನಿ, ಸುಮ್ನಿದ್ಬಿಡು.”

“ರಸೆಲ್ ಆ ಕಾಗದ ಹರಿದು ಹಾಕ್ಲಿ ಅಂತಾನಾ ಹ್ಯಾಲ್ಡರ್‌ಸನ್ ಹ್ಯಾಲ್ಡರ್‌ಸನ್ ಅಂದಿದ್ದು?”

ಅವನು ಉತ್ತರ ಕೊಡುವಷ್ಟರಲ್ಲಿ ಮೇಜಿನ ನಡುವಿನ ಸ್ಪೀಕರ್ ಗರಗರ ಎಂದಿತು. ಒಡತಿ ವಿನಿಫ್ರೆಡ್ ಹಾಕ್ಸ್‌ಬಿ ಎಂಬತ್ತೊಂದರಲ್ಲೂ ಗಡಿಯಾರಕ್ಕಿಂತ ಒಂದು ನಿಮಿಷ ಮುಂದೆ ಇರುತ್ತಾಳೆ. ಊರಿನಿಂದ ಐವತ್ತು ಮೈಲಿ ದೂರದ ತೋಟದ ಮನೆಯಿಂದ ಅವಳ ದನಿ ತೆಳ್ಳಗೆ, ಸ್ಪಷ್ಟವಾಗಿ ಬಂತು.

“ಎಲ್ಲರಿಗೂ ಹಬ್ಬದ ಶುಭಾಶಯ. ಡಾರಿಯಾ, ಇದ್ದೀಯೇನಮ್ಮ?”

“ಇದ್ದೀನಿ ಮೇಡಂ.”

“ಹತ್ತು ಗಂಟೆ ಅಂದಿದ್ದೆ. ಹೆಸರು ಹೇಳು.”

ಡಾರಿಯಾ ಬಾಯಿ ತೆರೆದಳು. ಆಶ್‌ಡೌನ್ ಎಂದರೆ ಸಾಕು, ಎಮಿಲ್ ಇಂದಿಗೆ ಉಳಿಯುತ್ತಿದ್ದ. ಆದರೆ ನಾಳೆ ಆಶ್‌ಡೌನ್ ತನ್ನ ತಲೆ ಉಳಿಸಿಕೊಳ್ಳಲು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಆ ಮನುಷ್ಯನ ಕೆಂಪಾದ ಮುಖವೂ ಅವಳಿಗೆ ನೆನಪಾಯಿತು. ಏನೇ ಆಗಲಿ, ಇದೆಲ್ಲ ತಪ್ಪೆಂದು ಅನ್ನಿಸಿದ್ದು ಅವನೊಬ್ಬನಿಗೇ.

ಕುರ್ಚಿ ಹಿಂದೆ ಸರಿದ ಸದ್ದಾಯಿತು. ಎಮಿಲ್ ಎದ್ದು ನಿಂತಿದ್ದ.

“ನಾನೇ ಮೇಡಂ,” ಎಂದ. “ಸಂದೇಶ ಕಳ್ಸಿದ್ದು ನಾನೇ. ರಸೆಲ್ ಹೇಳಿದ್ದು ಸರಿ. ಹ್ಯಾಲ್ಡರ್‌ಸನ್ ಬೇಕು ಅಂತ ಹಟ ಹಿಡಿದೆ, ಬುದ್ಧಿ ಕೆಡ್ತು.”

ಪೆನ್ನು ತೆಗೆದು, ಯಾರೂ ತಡೆಯುವ ಮುಂಚೆ ಪತ್ರಕ್ಕೆ ಸಹಿ ಹಾಕಿದ. ದೊಡ್ಡದಾಗಿ, ಅಂಕುಡೊಂಕಾಗಿ. ಥೀಸೆನ್ ಉಸಿರು ಬಿಟ್ಟು ಪತ್ರವನ್ನು ತನ್ನ ಕಡೆಗೆ ಎಳೆದುಕೊಂಡ.

“ಪಾಪ,” ಎಂದಿತು ಸ್ಪೀಕರ್. “ಮೂವತ್ತು ವರ್ಷ ಆದ್ಮೇಲೆ ಹೀಗಾಗ್ಬಾರ್ದಿತ್ತು ಎಮಿಲ್. ಡಾರಿಯಾ, ಇವನು ಹೇಳ್ತಿರೋದು ನಿಜಾನಾ?”

ಎಮಿಲ್ ಡಾರಿಯಾಳನ್ನು ನೋಡಿ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದ. ಬೇಡ ಎಂದು.

ಹೌದು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಕಾರು ಓಡಿಸಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಊರಿನಲ್ಲಿ ಮಾತ್ರ ಎಮಿಲ್ ಗಾರಿಯೆಪಿ ತನ್ನ ತಂಡದ ಗುಟ್ಟು ಮಾರಿದವನು ಎಂದಾಗುತ್ತಿತ್ತು. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಅವನ ಹೆಣದ ಮುಂದೆ ಕೂಡ. ಮಾಡದ ತಪ್ಪಿಗೆ.

ಡಾರಿಯಾಳಿಗೆ ಅದು ಸಹಿಸಲಾಗಲಿಲ್ಲ. ಮಾಡಿದ ತಪ್ಪಿಗೆ ಬೇಕಾದರೆ ಬೀಳಲಿ, ತಾನೇ ಪಕ್ಕದಲ್ಲಿ ನಿಂತು ಹಿಡಿದುಕೊಳ್ಳುತ್ತೇನೆ ಎಂದುಕೊಂಡಳು.

“ಅಲ್ಲ ಮೇಡಂ,” ಎಂದಳು. “ಇವರು ಸಂದೇಶ ಕಳ್ಸಿಲ್ಲ. ಸಂದೇಶದಲ್ಲಿರೋ ಎಡಚ ಹ್ಯಾಲ್ಡರ್‌ಸನ್ ಅಲ್ಲ, ಕಲ್ವೊದಾ. ಜೂನ್ ಇಪ್ಪತ್ತೊಂದಕ್ಕೇ ಎಮ್ಮಾ ಲೇಕ್‌ನಲ್ಲಿ ಅವನ ಸಹಿ ಆಗಿದೆ. ಅವನನ್ನ ಕಾರಲ್ಲಿ ಕರ್ಕೊಂಡು ಹೋದವರು ಎಮಿಲ್.”

ಥೀಸೆನ್‌ನ ಕೈಯಲ್ಲಿದ್ದ ಪತ್ರ ಮೇಜಿನ ಮೇಲೆ ಬಿತ್ತು. ಎಮಿಲ್ ಕಣ್ಣು ಮುಚ್ಚಿಕೊಂಡ.

“ಹೇಳ್ಬೇಡ ಅಂದೆನಲ್ಲ ಮರಿ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು, ಮತ್ತು ಆ ಹೆದರಿಕೆ ಅವನಿಗಾಗಿ ಅಲ್ಲ, ತನಗಾಗಿ ಎಂದು ಡಾರಿಯಾಳಿಗೆ ಅನ್ನಿಸಿತು.

ಹತ್ತು ಗಂಟೆಯಾಯಿತು. ಐದೂ ಫೋನುಗಳು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಒಂದನ್ನೂ ಯಾರೂ ಎತ್ತಲಿಲ್ಲ. ಆ ಗದ್ದಲದ ನಡುವೆ ಸ್ಪೀಕರಿನಿಂದ ಒಡತಿಯ ದನಿ ಮತ್ತೆ ಬಂತು, ಮೊದಲಿಗಿಂತ ಮೆಲ್ಲಗೆ.

“ಆಶ್‌ಡೌನ್ ಇನ್ನೇನೇನು ಹೇಳಿದ ನಿನಗೆ?”

ಡಾರಿಯಾ ಸ್ಪೀಕರನ್ನೇ ನೋಡುತ್ತ ನಿಂತಳು. ಆಶ್‌ಡೌನ್‌ನ ಹೆಸರನ್ನು ಅವಳು ಯಾರಿಗೂ ಹೇಳಿರಲಿಲ್ಲ.